ಅರಸರ ಕೈಗೇ ಕೊಡತಕ್ಕದ್ದು

ಸೆಪ್ಟೆಂಬರ್ 8, 2025, ಸೋಮವಾರ
ಎಮ್ಮಿಗನೂರು

ಈ ಡೈರಿ ನಾನು ನಿವೃತ್ತನಾದ ದಿನ ಕಂಪ್ಲಿಯ ಗೆಳೆಯರು ಹಾರದ ಜೊತೆ ಕೊಟ್ಟದ್ದು. ಮೂರು ವರ್ಷ ಹಳೆಯದಾದರೂ ಸಾಲುಗಳು ಇನ್ನೂ ನೆಟ್ಟಗಿವೆ. ಅಚ್ಚಾದ ತಾರೀಕು ಹೊಡೆದುಹಾಕಿ ಇವತ್ತಿನದು ಬರೆದಿದ್ದೇನೆ. ಮೂವತ್ತೆಂಟು ವರ್ಷ ಊರವರ ಕಾಗದ ಹಂಚಿದ ಪೋಸ್ಟ್‌ಮನ್ ಜಂಬಯ್ಯ ತನ್ನದೇ ಅಂತ ನಾಲ್ಕು ಸಾಲು ಬರೆದದ್ದಿಲ್ಲ. ಇವತ್ತು ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಹೊಸಪೇಟೆಯಿಂದ ಮಲ್ಲಿಕಾರ್ಜುನ್ ಎಂಬವರು ಕಾರಿನಲ್ಲಿ ಬಂದಿದ್ದರು. ಹಂಪಿ ದಾರಿಯಲ್ಲಿ ಅವರದೊಂದು ಹೋಟೆಲಿದೆ. ಅದರೊಳಗೆ ಹಳೆಯ ಕತ್ತಿ, ನಾಣ್ಯ, ದೊಡ್ಡ ಮನುಷ್ಯರ ಸಹಿ ಇರುವ ಕಾಗದ ಇವನ್ನೆಲ್ಲ ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸಲು ಒಂದು ಕೋಣೆ ಕಟ್ಟಿಸಿದ್ದಾರೆ. ವಿಜಯದಶಮಿಯ ದಿನ ಬಾಗಿಲು ತೆರೆಯುತ್ತಾರಂತೆ. ನಮ್ಮ ದೇವರ ಗೂಡಿನಲ್ಲಿರುವ ಕಾಗದದ ಸುದ್ದಿಯನ್ನು ಅವರಿಗೆ ಯಾರು ಮುಟ್ಟಿಸಿದರೋ ಗೊತ್ತಿಲ್ಲ. ನನ್ನ ಹೆಂಡತಿ ಹಂಪಕ್ಕ ತಟ್ಟೆಯ ಸಮೇತ ತಂದು ಮುಂದಿಟ್ಟಳು. ಅವರು ಚಪ್ಪಲಿ ಬಿಟ್ಟು, ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಅಂಗೈ ಅಗಲಕ್ಕೆ ಮಡಿಸಿದ ದಪ್ಪ ಕಾಗದ. ಮೇಲೆ ವಿಳಾಸ: ಕರಿಗುಡ್ಡ ಸಂಸ್ಥಾನದ ಅರಸು ರಾಯಪ್ಪ ನಾಯಕರಿಗೆ, ಸಂಡೂರು, ದೊಡ್ಡ ಬಂಗಲೆ. ಅದರ ಕೆಳಗೆ, ‘ಅರಸರ ಕೈಗೇ ಕೊಡತಕ್ಕದ್ದು.’ ಮಡಿಕೆಯ ಮೇಲೆ ಅಡ್ಡಲಾಗಿ ದಿವಾನ್ ನರಸಿಂಗರಾಯರ ಸಹಿ. ಪಕ್ಕದಲ್ಲಿ ತಲೆತಲಾಂತರದಿಂದ ನಾವು ಹಚ್ಚುತ್ತ ಬಂದ ಕುಂಕುಮದ ಬೊಟ್ಟು, ಗಟ್ಟಿಯಾಗಿ ಹುಣಸೆ ಬೀಜದಷ್ಟು ಎದ್ದು ಕೂತಿದೆ.

“ಗಡಿಪಾರಾದ ಅರಸಗ ದಿವಾನ ಬರೆದ ಸಹಿ ಕಾಗದ ಅಂದ್ರ ಹುಡುಗಾಟ ಅಲ್ರಿ ಜಂಬಯ್ಯಾರ,” ಅಂದರು. “ಮೈಸೂರಿನಾಗೂ ಸಿಗಂಗಿಲ್ಲ.”

ನಾನು ಮನೆಯ ಕಥೆ ಹೇಳಿದೆ. ಬ್ರಿಟಿಷರು ರಾಯಪ್ಪ ನಾಯಕರನ್ನು ಸಂಸ್ಥಾನದಿಂದ ತೆಗೆದು ಸಂಡೂರಿನಲ್ಲಿ ಇಟ್ಟಿದ್ದರು. ನನ್ನ ಮುತ್ತಜ್ಜ ಸುಂಕಪ್ಪ ಸಂಸ್ಥಾನದ ಓಲೆಕಾರ. 1911ರ ಮಳೆಗಾಲದಲ್ಲಿ ತುಂಬಿದ ತುಂಗಭದ್ರೆಯನ್ನು ಕಂಪ್ಲಿಯಲ್ಲಿ ಹರಿಗೋಲಿನಿಂದ ದಾಟಿ, ಸಂಡೂರು ಗುಡ್ಡ ಹತ್ತಿ, ದಿವಾನರ ಓಲೆಯನ್ನು ಅರಸರ ಕೈಗೇ ಕೊಟ್ಟ. ಅರಸರು ಓದಿ, ಮೆಚ್ಚಿ, ಆ ಕಾಗದವನ್ನೇ ಪ್ರಸಾದ ಅಂತ ವಾಪಸ್ ಕೊಟ್ಟರು. ಸುಂಕಪ್ಪ ಸಾಯುವಾಗ ‘ಅದು ಅರಸರದ್ದು, ಯಾರೂ ಬಿಚ್ಚಬ್ಯಾಡ್ರಿ’ ಅಂದಿದ್ದನಂತೆ. ನಾವು ಬಿಚ್ಚಿಲ್ಲ. ಪ್ರತಿ ಮಹಾನವಮಿಗೆ ಪೂಜೆ ಮಾಡಿದ್ದೇವೆ.

ಮಲ್ಲಿಕಾರ್ಜುನ್ ಒಂದು ಮೊತ್ತ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನನ್ನು ಎಬ್ಬಿಸಿದ್ದು ಅದಲ್ಲ. ಗಾಜಿನ ಪೆಟ್ಟಿಗೆಯ ಕೆಳಗೆ ಹಿತ್ತಾಳೆಯ ಫಲಕ ಹಾಕಿಸುತ್ತಾರಂತೆ: ‘ಪ್ರಾಣ ಒತ್ತೆಯಿಟ್ಟು ಅರಸರಿಗೆ ಓಲೆ ತಲುಪಿಸಿದ ಸುಂಕಪ್ಪ.’ ನಮ್ಮ ವಂಶದಲ್ಲಿ ಯಾರ ಹೆಸರೂ ರೇಷನ್ ಕಾರ್ಡಿನ ಆಚೆಗೆ ಅಚ್ಚಾಗಿಲ್ಲ. ಇದು ಆಗಲೇಬೇಕು, ಆಗಿಸುತ್ತೇನೆ.

ಎರಡು ಕೆಲಸ ಬಾಕಿ. ಕಮಲಾಪುರದಲ್ಲಿ ಹಳೆಯ ಕಾಗದ ಬಲ್ಲ ರಮಾ ಮೇಡಂ ಅವರಿಂದ ಇದು ಅಸಲಿ ಎಂದು ಬರೆಸಿಕೊಳ್ಳಬೇಕು. ಪಿತ್ರಾರ್ಜಿತವಾದ್ದರಿಂದ ಒಪ್ಪಿಗೆ ಪತ್ರಕ್ಕೆ ಅಣ್ಣತಮ್ಮಂದಿರಾದ ನಮ್ಮಿಬ್ಬರ ಸಹಿಯೂ ಬೇಕು. ಎರಡನೆಯದೇ ಕಷ್ಟ.

ಸೆಪ್ಟೆಂಬರ್ 10, ಬುಧವಾರ

ಮರಿಯಮ್ಮನಹಳ್ಳಿಗೆ ಹೋಗಿ ಬಂದೆ. ತಮ್ಮ ಎಲ್ಲೇಶನ ಪಂಕ್ಚರ್ ಅಂಗಡಿ ಹೆದ್ದಾರಿಗೆ ಅಂಟಿಕೊಂಡಿದೆ, ಹಿಂದೆಯೇ ಮನೆ. ಇಪ್ಪತ್ತೊಂಬತ್ತು ವರ್ಷದಿಂದ ನನ್ನ ಜೊತೆ ಮಾತಿಲ್ಲ. ಅಪ್ಪ ಹೋದಾಗ, ಅವ್ವ ಹೋದಾಗ ಬಂದು ಮಣ್ಣು ಹಾಕಿ ನೀರು ಸಹ ಮುಟ್ಟದೆ ಹೋದವನು.

ಲಾರಿಯ ಚಕ್ರದೊಳಗೆ ಕೈ ಹಾಕಿಕೊಂಡು ಕೂತಿದ್ದ. ತಲೆ ಎತ್ತಲಿಲ್ಲ. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ಫಲಕದ ವಿಷಯವನ್ನೂ ಹೇಳಿದೆ.

“ಇಲ್ಲೊಂದು ಸಹಿ ಹಾಕು. ನಿನಗೂ ಮರ್ಯಾದಿ ಬರೋ ಕೆಲಸ,” ಅಂತ ಪತ್ರ ಮುಂದೆ ಹಿಡಿದೆ.

ಕೈ ಒರೆಸಿಕೊಂಡು ಎದ್ದು ನಿಂತ. ತಲೆ ಪೂರ್ತಿ ಬೆಳ್ಳಗಾಗಿದೆ. “ಪೋಸ್ಟ್‌ಮನ್ ಸಾಹೇಬ್ರ,” ಅಂದ, “ವಿಳಾಸದಾರರು ಮನ್ಯಾಗಿಲ್ಲ ಅಂತ ಬರ್ಕೊಂಡು ವಾಪಸ್ ತಗೊಂಡು ಹೋಗ್ರಿ.”

ನನ್ನ ಎದುರಿಗೇ ನಿಂತುಕೊಂಡು ಅಂದ! ಪಕ್ಕದಲ್ಲಿದ್ದ ಲಾರಿ ಡ್ರೈವರು ನಕ್ಕ. ಎಲ್ಲೇಶನ ಹೆಂಡತಿ ಶಾಂತಕ್ಕ ಬಾಗಿಲಿಗೆ ಬಂದು, “ಚಾ ಆದ್ರೂ ಕುಡಿದು ಹೋಗ್ರಿ ಭಾವ,” ಅಂದಳು. ಕುಡಿಯಲಿಲ್ಲ, ಬಸ್ ಹತ್ತಿದೆ.

ಆ ಹಳೆಯ ಸಂಗತಿಯನ್ನು ಒಮ್ಮೆ ಸರಿಯಾಗಿ ಬರೆದಿಡುತ್ತೇನೆ. 1996. ರೈಲ್ವೆ ನೌಕರಿಗೆ ಎಲ್ಲೇಶನಿಗೆ ಕರೆ ಬಂತು, ರಿಜಿಸ್ಟರ್ ಅಂಚೆಯಲ್ಲಿ. ಅವನು ಸಂಡೂರು ಗುಡ್ಡದಲ್ಲಿ ಅದಿರು ಅಗೆಯುವ ಕೂಲಿಗೆ ಹೋಗಿದ್ದ. ಬೇರೆ ಪೋಸ್ಟ್‌ಮನ್‌ಗಳು ಮನೆಯವರ ಸಹಿ ತಗೊಂಡು ಕೊಟ್ಟುಬಿಡುತ್ತಿದ್ದರು. ನಾನು ಯಾರ ಮನೆಯಲ್ಲೂ ಹಾಗೆ ಕೊಟ್ಟವನಲ್ಲ. ಹೆಸರಿನವನ ಕೈ, ಹೆಸರಿನವನ ಸಹಿ. ಸ್ವಂತ ಮನೆಗೆ ಬೇರೆ ನಿಯಮ ಮಾಡಿದ್ದರೆ ಊರು ಏನನ್ನುತ್ತಿತ್ತು? ಮಧ್ಯಾಹ್ನ ಊಟಕ್ಕೆ ಹೋದಾಗ ಅವ್ವ ಕೈ ಚಾಚಿ, “ಇತ್ಲಾಗ ಕೊಡಪಾ, ನಾ ಇಟ್ಟಿರ್ತೀನಿ,” ಅಂದಳು. ಕೊಡಲಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆ. ಏಳು ದಿನ ಹಾಗೇ ಹೊತ್ತು ತಿರುಗಿದೆ. ಏಳನೆಯ ದಿನ ಸಂಜೆ ನಿಯಮದಂತೆ ಕಾಗದ ವಾಪಸ್ ಹೋಯಿತು. ಎಲ್ಲೇಶ ಎಂಟನೆಯ ದಿನ ಬೆಳಿಗ್ಗೆ ಬಂದ. ನೌಕರಿ ಕೈತಪ್ಪಿತ್ತು.

ಇದರಲ್ಲಿ ನನ್ನ ತಪ್ಪೇನು? ನಿಯಮ ನಾನು ಮಾಡಿದ್ದಲ್ಲ.

ಸೆಪ್ಟೆಂಬರ್ 11, ಗುರುವಾರ

ಅವನಿಗೆ ಹಠ ಇದ್ದರೆ ನನಗೂ ಇದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದೇವೆ. ಮೊದಲು ಕಾಗದ ಅಸಲಿ ಅಂತ ಆಗಲಿ, ಆಮೇಲೆ ಅವನ ಸಹಿ.

ಸೆಪ್ಟೆಂಬರ್ 15, ಸೋಮವಾರ

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಬೆಳಿಗ್ಗೆ ಕಾಗದವನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ, ನನ್ನ ಹಳೆಯ ಖಾಕಿ ಚೀಲದಲ್ಲಿಟ್ಟುಕೊಂಡು ಕಮಲಾಪುರಕ್ಕೆ ಹೋದೆ. ರಮಾ ಮೇಡಂ ಇನ್ನೂ ನಲವತ್ತರ ಆಚೀಚಿನವರು, ಮಾತು ಕಡಿಮೆ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕಾಗದ ಇಟ್ಟರು. ಸಹಿಯನ್ನು ದಪ್ಪ ಗಾಜಿನಲ್ಲಿ ನೋಡಿ, ತಮ್ಮ ಹತ್ತಿರವಿದ್ದ ನರಸಿಂಗರಾಯರ ಇನ್ನೊಂದು ಸಹಿಯ ಫೋಟೋ ಜೊತೆ ಹೋಲಿಸಿ, “ಸಹಿ ಅಸಲಿ,” ಅಂದರು. ನನಗೆ ಅಲ್ಲೇ ಕುಣಿಯುವಂತಾಯಿತು.

“ಈ ಬೊಟ್ಟು ಸ್ವಲ್ಪ ತೆಗಿಲೇನ್ರಿ? ಇದರ ಎಣ್ಣಿ ಸಹಿಗೆ ಇಳಿಯಾಕತ್ತೈತಿ,” ಎಂದು ಕೇಳಿದರು. ತೆಗೆಯಿರಿ ಅಂದೆ.

ಸಣ್ಣ ಕುಂಚದಿಂದ, ಸಣ್ಣ ಚಾಕುವಿನ ತುದಿಯಿಂದ ಪದರ ಪದರವಾಗಿ ಬಿಡಿಸಿದರು. ಮೇಲಿನದು ಹಂಪಕ್ಕ ಹಚ್ಚಿದ್ದು, ಅದರ ಕೆಳಗಿನದು ಅವ್ವನದು, ಅದರ ಕೆಳಗೆ ಅಜ್ಜಿಯದು ಅಂತ ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಅರಿಸಿನ, ಗಂಧ, ಮತ್ತೆ ಕುಂಕುಮ. ಒಂದು ತಾಸು ಹಿಡಿಯಿತು. ಕೊನೆಗೆ ಚಾಕು ಗಟ್ಟಿಯಾದದ್ದಕ್ಕೆ ತಾಗಿ ನಿಂತಿತು. ಅವರು ಒದ್ದೆ ಹತ್ತಿಯಿಂದ ಒರೆಸಿದರು.

“ಇದು ಬೊಟ್ಟಲ್ಲರೀ,” ಅಂದರು. “ಅರಗು.”

ಕೆಂಪು ಅರಗು. ಮೇಲೆ ಸಂಸ್ಥಾನದ ಮುದ್ರೆ. ಮಡಿಕೆಯ ಎರಡೂ ತುದಿಗಳನ್ನು ಹಿಡಿದು ಕೂತಿದೆ, ಒಂದು ಬಿರುಕೂ ಇಲ್ಲ.

ನನಗೆ ಅರಗಿನ ಬಗ್ಗೆ ಯಾರೂ ಹೇಳಿಕೊಡಬೇಕಿಲ್ಲ. ಮೂವತ್ತೆಂಟು ವರ್ಷ ಎಷ್ಟು ಅರಗು ಮುಟ್ಟಿದ್ದೇನೆ! ಸೀಲು ಒಡೆಯದ ಕಾಗದ ಅಂದರೆ ಯಾರೂ ಓದದ ಕಾಗದ. ಅರಸರು ಇದನ್ನು ಓದಿಲ್ಲ. ಓದದೆ ಮೆಚ್ಚುವುದು ಹೇಗೆ, ವಾಪಸ್ ಕೊಡುವುದು ಹೇಗೆ? ಸುಂಕಪ್ಪ ಕಾಗದ ಮುಟ್ಟಿಸಲೇ ಇಲ್ಲ. ಅವನ ಮನೆಗೆ ಬಂದ ಸೊಸೆ ಕೆಂಪಗಿದ್ದ ಅರಗನ್ನು ಬೊಟ್ಟೆಂದು ತಿಳಿದು ಅದರ ಮೇಲೊಂದು ಬೊಟ್ಟು ಇಟ್ಟಿರಬೇಕು. ಅವಳ ಹಿಂದೆ ಬಂದವರು ಅದರ ಮೇಲೆ ಹಚ್ಚುತ್ತ ಹೋದರು. ನೂರಾ ಹದಿನಾಲ್ಕು ದಸರಾ ನಾವು ಬಟವಾಡೆಯಾಗದ ಒಂದು ಕಾಗದಕ್ಕೆ ಆರತಿ ಎತ್ತಿದ್ದೇವೆ.

ಅದೂ ಒಬ್ಬ ಪೋಸ್ಟ್‌ಮನ್ನನ ಮನೆಯಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿ ನಾವೇ.

ಸೆಪ್ಟೆಂಬರ್ 16, ಮಂಗಳವಾರ



ಮಲ್ಲಿಕಾರ್ಜುನ್ ಫೋನು ಮಾಡಿದರು. ರಮಾ ಮೇಡಂ ಹೇಳಿದ್ದಾರೆ. ನಾನು ತಲೆ ತಗ್ಗಿಸಿ ಕೂತಿದ್ದರೆ ಅವರಿಗೆ ಹಿಗ್ಗೋ ಹಿಗ್ಗು.

“ಒಡಿಬ್ಯಾಡ್ರಿ ಮತ್ತ! ಸೀಲ್ ಒಡೀದ ಕಾಗದ ಅಂದ್ರ ಅದರ ಕಥಿನ ಬ್ಯಾರೆ. ಒಳಗೇನೈತಿ ಅಂತ ಜನ ನಿಂತು ನೋಡ್ತಾರ.”

“ಫಲಕದ ಮ್ಯಾಲೆ ಏನು ಬರಸ್ತೀರಿ?” ಅಂತ ಕೇಳಿದೆ.

“ಬರಸಿ ಆಗೇತಲ್ರಿ, ಓಲೆ ತಲುಪಿಸಿದ ಸುಂಕಪ್ಪ ಅಂತ. ಯಾರು ಕೇಳ್ತಾರ ಬಿಡ್ರಿ.”

ನಾನು ಕೇಳುತ್ತೇನೆ. ತಲುಪಿಸದವನನ್ನು ತಲುಪಿಸಿದ ಎಂದು ಹಿತ್ತಾಳೆಯಲ್ಲಿ ಕೆತ್ತಿಸಿ ಅದರ ಪಕ್ಕ ಫೋಟೋ ತೆಗೆಸಿಕೊಳ್ಳುವುದು ನನ್ನಿಂದ ಆಗದು. ಮುತ್ತಜ್ಜನಿಗೆ ಇರುವ ಮಾನ ಒಂದೇ ರೀತಿಯಲ್ಲಿ ಉಳಿಯಬೇಕು. ಕಾಗದ ಮುಟ್ಟಬೇಕು. ತಡವಾಗಿದೆ, ಸರಿ. ತಡವಾದ ಕಾಗದವನ್ನೂ ನಾನು ಬೇಕಾದಷ್ಟು ಹಂಚಿದ್ದೇನೆ.

ಅರಸರ ವಾರಸುದಾರರನ್ನು ಹುಡುಕುತ್ತೇನೆ. ವಿಜಯದಶಮಿಯೊಳಗೆ.

ಸೆಪ್ಟೆಂಬರ್ 19, ಶುಕ್ರವಾರ

ಸಂಡೂರು. ಒಂದು ಊರಿನಲ್ಲಿ ಯಾರನ್ನಾದರೂ ಹುಡುಕಬೇಕಾದರೆ ಪೊಲೀಸರನ್ನು ಕೇಳಬಾರದು, ಹಳೆಯ ಪೋಸ್ಟ್‌ಮನ್ನನನ್ನು ಕೇಳಬೇಕು. ಪಕ್ಕೀರಪ್ಪ ಅಲ್ಲಿ ಮೂವತ್ತು ವರ್ಷ ಸೈಕಲ್ ತುಳಿದವನು. ಈಗ ಮೊಣಕಾಲು ಹಿಡಿದುಕೊಂಡಿವೆ, ತಲೆಯೊಳಗಿನ ವಿಳಾಸಗಳು ಮಾತ್ರ ಚೊಕ್ಕವಾಗಿವೆ.

“ದೊಡ್ಡ ಬಂಗಲೆ ಎಲ್ಲೈತಿ ಈಗ? ಬಿದ್ದು ಹೋತು,” ಅಂದ. “ಅಲ್ಲಿ ಒಬ್ರು ಅಮ್ಮಾರು ಇದ್ರು ನೋಡು, ಸಾಲಿ ಟೀಚರು. ಅವರ ಹೆಸರಿಗೆ ‘ಕರಿಗುಡ್ಡ’ ಅಂತ ಇನಿಶಿಯಲ್ ಬರ್ತಿತ್ತು. ಪಂಪಾವತಮ್ಮ. ಅರಸರ ಮಗನ ಮಗಳು ಅಂತಿದ್ರಪಾ ಮಂದಿ. ನನಗ ದೀಪಾವಳಿಗೆ ಕರ್ಚಿಕಾಯಿ ಕೊಡ್ತಿದ್ರು.”

ಬದುಕಿದ್ದಾರಾ ಅಂತ ಕೇಳಿದರೆ, “ಮೊನ್ನೆ ಪಿಂಚಣಿ ತಗೊಳ್ಳಾಕ ಬಂದಿದ್ರಲ್ಲ,” ಅಂದ. ಅವನ ಕೈ ಹಿಡಿದು ಕುಲುಕಿಬಿಟ್ಟೆ. ಇವತ್ತು ಅವರ ಮನೆಗೆ ಬೀಗ, ಹೊಸಪೇಟೆಗೆ ಮಗಳ ಮನೆಗೆ ಹೋಗಿದ್ದಾರೆ. ಮುಂದಿನ ಶುಕ್ರವಾರ ಇರುತ್ತಾರಂತೆ.

ಸೆಪ್ಟೆಂಬರ್ 22, ಸೋಮವಾರ

ಇವತ್ತು ನವರಾತ್ರಿ ಶುರು. ಹಂಪಕ್ಕನಿಗೆ ವಿಷಯ ಪೂರ್ತಿ ಹೇಳಿದೆ. ಮೊದಲು ಸಿಟ್ಟಾದಳು. “ಮೂವತ್ತೈದು ವರ್ಷ ನಾ ಪೂಜಿ ಮಾಡೀನಿ. ಇನ್ನ ಹತ್ತು ದಿನಕ್ಕ ಮಹಾನವಮಿ. ಗೂಡಿನಾಗ ಏನಿಡ್ಲಿ?”

“ಅದು ದೇವರಲ್ಲ, ಪರರ ಕಾಗದ. ವಿಳಾಸ ಇದ್ದೋರಿಗೆ ಮುಟ್ಟಬೇಕು,” ಅಂದೆ.

ಅವಳು ಹೂವು ಕಟ್ಟುತ್ತಿದ್ದಳು. ಆಮೇಲೆ, “ಈಗ ವಿಳಾಸ ಇದ್ದೋರು ಇಲ್ಲಲ್ಲ. ಯಾರ ಕೈಯಾಗ ಕೊಡ್ತೀರಿ? ಮೊಮ್ಮಗಳ ಕೈಯಾಗ ಕೊಟ್ರ ನಡೀತೈತೇನು?” ಅಂತ ಕೇಳಿದಳು. ದಾಖಲೆ ತರಿಸಿಕೊಂಡು ಕೊಡುತ್ತೇನೆ ಅಂದೆ.

“ಅತ್ತಿ ಹತ್ರಾನೂ ದಾಖಲೆ ಕೇಳಿದ್ರ ತಂದು ಕೊಡ್ತಿದ್ಳೇನೋ, ಎಲ್ಲೇಶ ನನ್ನ ಮಗ ಅಂತ,” ಅಂದಳು. ಅಷ್ಟೇ ಅಂದು ಒಳಗೆ ಹೋದಳು. ಇಷ್ಟು ವರ್ಷ ಅವಳು ಆ ಮಾತು ಎತ್ತಿದವಳಲ್ಲ.

ರಿಜಿಸ್ಟರ್ ಅಂಚೆಯನ್ನು ಇನ್ನು ಸ್ಪೀಡ್ ಪೋಸ್ಟಿನೊಳಗೇ ಸೇರಿಸುತ್ತಾರಂತೆ, ಪೇಪರಿನಲ್ಲಿ ಬಂದಿದೆ. ನಾನು ಅರ್ಧ ಆಯಸ್ಸು ಕಾಯ್ದ ನಿಯಮಕ್ಕೆ ಈಗ ಹೆಸರೂ ಉಳಿಯುವುದಿಲ್ಲ. ಓದಿ ಪೇಪರು ಮಡಿಸಿಟ್ಟೆ.

ಎಲ್ಲೇಶನಿಗೆ ಒಂದು ಕಾರ್ಡು ಹಾಕಿದೆ. ‘ಕಾಗದ ಅರಸರಿಗೆ ಮುಟ್ಟಿರಲಿಲ್ಲ. ಸೀಲು ಹಾಗೇ ಇದೆ. ಆದ್ದರಿಂದ ಅದು ನಮ್ಮಿಬ್ಬರದೂ ಅಲ್ಲ. ಸಹಿ ಬೇಕಿಲ್ಲ. ವಾರಸುದಾರರಿಗೆ ಕೊಡಲಿದ್ದೇನೆ.’ ಪಿತ್ರಾರ್ಜಿತದ ವಿಷಯ, ತಿಳಿಸುವುದು ಕರ್ತವ್ಯ. ಬೇರೇನೂ ಬರೆಯಲಿಲ್ಲ. ಕೆಳಗೆ ಜಾಗ ಖಾಲಿ ಉಳಿದಿತ್ತು.

ಸೆಪ್ಟೆಂಬರ್ 26, ಶುಕ್ರವಾರ

ಮುಟ್ಟಿತು.

ಇದನ್ನು ಮೊದಲು ಬರೆದು ಆಮೇಲೆ ಉಳಿದದ್ದು ಬರೆಯುತ್ತೇನೆ. ಖಾಕಿ ಚೀಲ ಹಾಕಿಕೊಂಡೇ ಹೋಗಿದ್ದೆ. ರಮಾ ಮೇಡಂ ಜೊತೆಗಿದ್ದರು. ಒಡೆಯುವುದಾದರೆ ತಮ್ಮ ಎದುರಿಗೇ ಒಡೆಯಬೇಕೆಂದು ಮೊದಲೇ ಮಾತು ತಗೊಂಡಿದ್ದರು. ಪಂಪಾವತಮ್ಮನವರದು ಎರಡು ಕೋಣೆಯ ಹಂಚಿನ ಮನೆ. ಎಂಬತ್ತು ದಾಟಿದ್ದಾರೆ. ಅರಸರ ಮೊಮ್ಮಗಳು ಮೂವತ್ತು ವರ್ಷ ಮಕ್ಕಳಿಗೆ ಅ ಆ ಇ ಈ ತಿದ್ದಿಸಿದವರು. ನಮ್ಮನ್ನು ಕೂರಿಸಿ, ಮಜ್ಜಿಗೆ ಕೊಟ್ಟು, “ಏನಪಾ ಬಂದದ್ದು?” ಅಂದರು.

ಚೀಲದಲ್ಲಿ ಒಂದು ಪಟ್ಟಿ ಇತ್ತು: ಅರಸರ ಮರಣದ ದಾಖಲೆ, ತಹಶೀಲ್ದಾರರ ಕಚೇರಿಯ ವಂಶವೃಕ್ಷ, ಆಧಾರ್ ಕಾರ್ಡಿನ ನಕಲು. ಮೊದಲು ಗುರುತಿಗೆ ಇರಲೆಂದು ಕಾಗದದ ಮೇಲ್ಭಾಗ ತೋರಿಸಿದೆ, ಕೈಗೆ ಕೊಡಲಿಲ್ಲ. ಅವರು ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು. “ಅರಸರ ಕೈಗೇ ಕೊಡತಕ್ಕದ್ದು.” ಓದಿ ನನ್ನ ಮುಖವನ್ನೇ ನೋಡಿದರು.

“ಇದರ ಸಲುವಾಗಿ ನಮ್ಮಜ್ಜಿ ಸಾಯೋ ಮಟ ಅತ್ತಾರಪಾ,” ಅಂದರು. “ಮಳಿಯಾಗ ತೋಯಿಸ್ಕೊಂಡು ಒಬ್ಬ ಓಲೆಕಾರ ಬಂದಿದ್ನಂತ. ಹಿಂದಿನ ದಿನಾನ ಮುತ್ಯಾನ್ನ, ಅರಸರನ್ನ, ಬಳ್ಳಾರಿ ದವಾಖಾನಿಗೆ ಒಯ್ದಿದ್ರು, ಭಾಳ ಜಡ್ಡಾಗಿತ್ತು. ಅಜ್ಜಿ ಕೈ ಚಾಚಿದ್ರಂತ. ‘ನಾ ಅವರ ಹೆಂಡ್ತಿ, ಇಲ್ಲಿ ಕೊಡು’ ಅಂದ್ರ, ‘ಅರಸರ ಕೈಗೇ ಕೊಡಬೇಕ್ರಿ ತಾಯಿ, ಹುಕುಂ ಐತಿ’ ಅಂದ್ನಂತ. ಬಂಗಲೆ ಕಟ್ಟಿ ಮ್ಯಾಲೆ ಕುಂತ. ದಿನಾ ಅಜ್ಜಿನ ಊಟಕ್ಕ ಹಾಕ್ಯಾರ. ಅವರು ಹಾಕಿದ ಊಟ ಉಂಡ, ಕಾಗದ ಮಾತ್ರ ಕೊಡಲಿಲ್ಲ. ಮುತ್ಯಾನ ಹೆಣ ಬಂತು. ಅದನ್ನ ನೋಡಿ ಎದ್ದು ಹೋದ.”

ಆ ಓಲೆಕಾರ ನಮ್ಮ ಮುತ್ತಜ್ಜ ಅಂತ ಹೇಳಬೇಕಿತ್ತು, ಹೇಳಲಾಗಲಿಲ್ಲ. ಅವರಿಗೆ ತಿಳಿಯಿತೇನೋ. ಅವರು ಕೈ ಚಾಚಿದರು. ಸುಕ್ಕು ಬಿದ್ದ ಕೈ, ಬಳೆ ಸಡಿಲವಾಗಿ ಮುಂಗೈವರೆಗೆ ಜಾರಿದ್ದವು. ಅವ್ವನ ಕೈ ಹಾಗೇ ಇತ್ತು. ಕಾಗದ ಅವರ ಅಂಗೈಯಲ್ಲಿ ಇಟ್ಟೆ. ನನಗೆ ಅಳು ಬಂತು, ಅತ್ತೆ. ಪಟ್ಟಿ ಚೀಲದಲ್ಲೇ ಉಳಿಯಿತು.

ಅವರು ಒಪ್ಪಿದ ಮೇಲೆ ರಮಾ ಮೇಡಂ ಅರಗನ್ನು ಒಡೆಯದ ಹಾಗೆ ಒಂದು ಕಡೆಯಿಂದ ಬಿಡಿಸಿ ಕಾಗದ ತೆರೆದರು. ಮರಾಠಿಯ ಮೋಡಿ ಲಿಪಿಯಲ್ಲ, ಕನ್ನಡವೇ, ಆದರೆ ಕೂಡಿಸಿ ಬರೆದದ್ದು. ನಿಧಾನವಾಗಿ ಓದಿ ಹೇಳಿದರು. ನನಗೆ ನೆನಪಿದ್ದಷ್ಟನ್ನು ಬರೆಯುತ್ತೇನೆ:

‘ಗಡಿಪಾರಿನ ಹುಕುಮಿನ ಮೇಲೆ ಸಹಿ ಮಾಡಿದ ಕೈ ನನ್ನದೇ. ಕಾಯಿದೆ ಹಾಗಿತ್ತು ಎಂದು ಎರಡು ವರುಷ ನನಗೆ ನಾನೇ ಹೇಳಿಕೊಂಡೆ. ಒಂದು ದಿವಸ ತಡೆದಿದ್ದರೆ ಸ್ವಾಮಿಯವರ ಅರ್ಜಿ ಮೇಲಿನವರಿಗೆ ತಲುಪುತ್ತಿತ್ತು. ತಡೆಯಬಹುದಾಗಿತ್ತು, ತಡೆಯಲಿಲ್ಲ. ತಪ್ಪು ಕಾಯಿದೆಯದಲ್ಲ, ನನ್ನದು. ಇದಕ್ಕೆ ಉತ್ತರ ಬರದೆ ಹೋದರೆ ಸ್ವಾಮಿಯವರು ಕ್ಷಮಿಸಲಿಲ್ಲವೆಂದು ತಿಳಿಯುತ್ತೇನೆ.’

ಹೊರಗೆ ಅದಿರಿನ ಲಾರಿಗಳು ಹೋಗುತ್ತಿದ್ದವು.

“ನಮ್ಮ ಮನ್ಯಾಗ ಸುಳ್ಳು ಹೇಳಿದ ಹುಡುಗರಿಗೆ ‘ಲೇ ದಿವಾನ’ ಅಂತ ಬೈತಿದ್ವಿ,” ಅಂದರು ಪಂಪಾವತಮ್ಮ. “ನಾನೂ ಬೈದೀನಿ. ಪಾಪ, ಅವ ಉತ್ತರದ ದಾರಿ ಕಾಯ್ಕೊಂತ ಸತ್ನೇನೋ.”

ಹೊರಡುವ ಮೊದಲು, ಕಾಗದ ಮುಟ್ಟಿದ್ದಕ್ಕೆ ಸಹಿ ಪಡೆಯುವ ಒಂದು ಅಕ್ನಾಲೆಜ್‌ಮೆಂಟ್ ಕಾರ್ಡು ತೆಗೆದು ಮುಂದಿಟ್ಟೆ. ಹಳೆಯದು, ನನ್ನ ಪೆಟ್ಟಿಗೆಯಲ್ಲಿ ಉಳಿದದ್ದು. ಅವರು ಟೀಚರ ದುಂಡು ಅಕ್ಷರದಲ್ಲಿ ‘ಮುಟ್ಟಿತು’ ಎಂದು ಬರೆದು ಸಹಿ ಹಾಕಿದರು. ತಂದುಕೊಟ್ಟವನ ಹೆಸರು ಕೇಳಿದರು. “ಓಲೆಕಾರ ಸುಂಕಪ್ಪ ಅಂತ ಬರೀರಿ,” ಅಂದೆ. ಬರೆದರು.

ಬಸ್ಸಿನಲ್ಲಿ ಮಲ್ಲಿಕಾರ್ಜುನರ ಫೋನು. “ಹುಚ್ಚೇನ್ರಿ ನಿಮಗ? ಅಷ್ಟು ಅಪರೂಪದ್ದು, ಒಂದು ಮಾತು ಕೇಳದ ಕೊಟ್ಟು ಬಂದ್ರಿ?”

“ವಿಳಾಸಕ್ಕ ಮುಟ್ಟೇತ್ರಿ,” ಅಂದೆ. ಬೇರೆ ಏನು ಹೇಳಲಿ? ಅವರಿಗೆ ಬೇಸರವಾಗಿರುವುದು ನಿಜ, ಫಲಕಕ್ಕೆ ಖರ್ಚು ಬೇರೆ ಮಾಡಿದ್ದರು. ಪಂಪಾವತಮ್ಮನವರನ್ನು ಹೋಗಿ ಕೇಳುತ್ತಾರಂತೆ. ಕೇಳಲಿ, ಅದು ಈಗ ಅವರ ಕಾಗದ.

ಸೆಪ್ಟೆಂಬರ್ 29, ಸೋಮವಾರ

ಎಲ್ಲೇಶನಿಂದ ಉತ್ತರ ಇಲ್ಲ. ಉತ್ತರ ಬೇಕೆಂದು ನಾನು ಬರೆದೂ ಇರಲಿಲ್ಲ.

ಇವತ್ತು ಮೂರು ಸಲ ಅಂಚೆ ಕಚೇರಿಗೆ ಹೋಗಿ ಬಂದೆ. ಅಲ್ಲಿರುವ ಹೊಸಬ, “ಏನರ ಬರೋದಿತ್ತೇನ್ರಿ?” ಅಂತ ಕೇಳಿದ. ಇಲ್ಲ ಅಂದೆ.

ಅಕ್ಟೋಬರ್ 1, ಬುಧವಾರ, ಮಹಾನವಮಿ

ಗೂಡಿನಲ್ಲಿ ತಟ್ಟೆ ಖಾಲಿ ಇತ್ತು. ಹಂಪಕ್ಕ ಸ್ನಾನ ಮಾಡಿ ಬಂದು ಅದರ ಮುಂದೆ ನಿಂತಳು. ನಾನು ಕಾರ್ಡು ತಂದು ತಟ್ಟೆಯಲ್ಲಿಟ್ಟೆ. ಅವಳು ಓದಿದಳು, ಸುಂಕಪ್ಪನ ಹೆಸರಿನ ಮೇಲೆ ಬೆರಳಾಡಿಸಿದಳು. ಬೊಟ್ಟು ಇಡಲು ಕೈ ಎತ್ತಿದಾಗ, “ಸಹಿ ಮ್ಯಾಲೆ ಬ್ಯಾಡ, ಮೂಲ್ಯಾಗ ಹಚ್ಚು,” ಅಂದೆ. ನಕ್ಕಳು. ಖಾಕಿ ಚೀಲಕ್ಕೂ ಹೂವು ಏರಿಸಿದಳು.

ಊಟಕ್ಕೆ ಕೂತಾಗ ಹೋಳಿಗೆಯನ್ನು ಹಂಪಕ್ಕನ ತಟ್ಟೆಗೆ ದಾಟಿಸಿದೆ. ಚೀಲ ಗೋಡೆಗಿತ್ತು, ತೊಡೆಯ ಮೇಲೇನೂ ಇರಲಿಲ್ಲ, ಆದರೂ ಭಾರ.

ಅಕ್ಟೋಬರ್ 2, ಗುರುವಾರ, ವಿಜಯದಶಮಿ
ಮರಿಯಮ್ಮನಹಳ್ಳಿ

ಇದನ್ನು ಎಲ್ಲೇಶನ ಅಂಗಡಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಡೈರಿ ಚೀಲದಲ್ಲೇ ಇತ್ತು.

ಬನ್ನಿ ಕೊಡುವುದರಲ್ಲಿ ಒಂದು ರೂಢಿಯಿದೆ. ಹಿರಿಯರು ಮನೆಯಲ್ಲಿ ಕೂರಬೇಕು. ಕಿರಿಯರು ಬಂದು ಬನ್ನಿ ಎಲೆ ಕೈಗಿಟ್ಟು ಕಾಲು ಮುಟ್ಟಬೇಕು. ಮಧ್ಯಾಹ್ನ ನಾನು ಚೀಲ ಹಾಕಿಕೊಂಡದ್ದು ನೋಡಿ ಪಕ್ಕದ ಮನೆಯವರು, “ಹಿರೇರು ನೀವು ಎಲ್ಲಿಗೆ ಹೊಂಟ್ರಿ ಬನ್ನಿ ತಗೊಂಡು?” ಅಂದರು. ತಮ್ಮನ ಮನೆಗೆ ಅಂದೆ. ರೂಢಿ ನನಗೂ ಗೊತ್ತು. ಹಂಪಕ್ಕ ಹೋಳಿಗೆ ಕಟ್ಟಿಕೊಟ್ಟು, ಬಸ್ ಸ್ಟ್ಯಾಂಡಿನವರೆಗೆ ಬಂದು, ಬಸ್ಸು ಹೊರಡುವವರೆಗೂ ನಿಂತಿದ್ದಳು.

ಬಸ್ಸಿನಲ್ಲಿ ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆದುಕೊಂಡು ಬಂದೆ. ‘ಒಂದು ದಿನ ತಡೆಯಬಹುದಿತ್ತು ಎಲ್ಲೇಶ, ತಡೆಯಲಿಲ್ಲ.’ ಅಷ್ಟೇ. ಮುಂದಿನದು ಅವನಿಗೆ ಬಿಟ್ಟದ್ದು.

ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಕಂಪ್ರೆಸರಿಗೆ ಹೂವಿನ ಹಾರ, ನಟ್ಟು ಬಿಚ್ಚುವ ಪಾನಾಗಳ ಮೇಲೆಲ್ಲ ಕುಂಕುಮ. ಶಾಂತಕ್ಕ ಹೊರಗೆ ಬಂದಳು.

“ಅವರು ಮನ್ಯಾಗಿಲ್ಲ ಭಾವ. ಹಗರಿಬೊಮ್ಮನಹಳ್ಳಿ ದಾರ್ಯಾಗ ಲಾರಿ ಕೆಟ್ಟು ನಿಂತೈತಂತ, ಹೋಗ್ಯಾರ.” ನನ್ನ ಚೀಲ ನೋಡಿದಳು. “ಏನರ ಕೊಡೋದಿತ್ತೇನು? ನನ್ನ ಕೈಯಾಗ ಕೊಡಾಕ ಬರ್ತೈತೋ ಇಲ್ಲೋ?”

ನಗುತ್ತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಇಟ್ಟುಕೊಂಡ ಮಾತು ಅದು.

“ಬರ್ತೈತವ್ವ,” ಅಂದೆ. ಬನ್ನಿ ತೆಗೆದು ಅವಳ ಅಂಗೈಗೆ ಹಾಕಿದೆ. “ನಾವು ನೀವು ಬಂಗಾರದಂಗ ಇರೋಣ.” ಅವಳು ಬನ್ನಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನನ್ನ ಕಾಲು ಮುಟ್ಟಿದಳು. ಅವನ ಪಾಲಿನ ಬನ್ನಿ ಇನ್ನೂ ಚೀಲದಲ್ಲಿದೆ.

ಕೊನೆಯ ಬಸ್ಸು ಏಳಕ್ಕೆ. ಹೋದರೆ ಹೋಗಲಿ. ಏಳು ದಿನ ಕಾಯುವುದು ನಿಯಮ, ನಾನು ಎಂಟನೆಯ ದಿನವೂ ಇಲ್ಲೇ ಕೂರುತ್ತೇನೆ.

ಶಾಂತಕ್ಕ ಈಗ ಚಹಾ ತಂದುಕೊಟ್ಟಳು. ಕುಡಿಯುತ್ತಿದ್ದೇನೆ.

“ಅವರಿಗೆ ಫೋನ್ ಮಾಡಿದ್ನಿ ಭಾವ,” ಅಂದಳು.

“ಏನಂದ?”

“ಮೊದ್ಲು, ಚಾ ಕುಡಿದ್ನೇನು ಅಂತ ಕೇಳಿದ್ರು. ಆಮ್ಯಾಲೆ, ‘ಅಣ್ಣಗ ಹೇಳು, ವಿಳಾಸದಾರರು ಮನ್ಯಾಗ ಅದಾರ ಅಂತ ಬರ್ಕೋ ಅನ್ನು. ಬರಾಕತ್ತೀನಿ’ ಅಂದ್ರು.”

ಬರೆದುಕೊಂಡಿದ್ದೇನೆ.